ಪಟ್ಟಿ ಮತ್ತು ಹೊತ್ತು: ಬ್ಲೇಜರ್‌ನ ‘ಟೆಂಪ್ಲೇಟೆಡ್‌ಲಿಸ್ಟ್’ ಕುರಿತು

ನಾವು ದಿನಾ ತೆರೆಯುವ ವೆಬ್ ಪುಟಗಳಲ್ಲಿ ಬಹುಪಾಲು ಪಟ್ಟಿಗಳೇ. ಇನ್‌ಬಾಕ್ಸ್ ಒಂದು ಪಟ್ಟಿ, ಬ್ಯಾಂಕ್ ಖಾತೆಯ ವ್ಯವಹಾರ ಒಂದು ಪಟ್ಟಿ, ಊರಿಗೆ ಹೋಗುವ ಬಸ್ಸು ಹುಡುಕಿದರೆ ಬರುವುದೂ ಪಟ್ಟಿಯೇ. ನೋಡುವವರ ಕಣ್ಣಿಗೆ ಬೀಳುವುದು ಸಾಲುಗಳಷ್ಟೇ. ಬರೆಯುವವರಿಗೆ ಮಾತ್ರ ಪ್ರತಿ ಪಟ್ಟಿಯ ಹಿಂದೆಯೂ ಅವೇ ಪ್ರಶ್ನೆಗಳು ಎದುರಾಗುತ್ತವೆ: ಮಾಹಿತಿ ಇನ್ನೂ ಬಂದಿಲ್ಲದಿದ್ದರೆ ಏನು ತೋರಿಸಬೇಕು, ಬಂದರೂ ಒಂದೂ ಸಾಲು ಇಲ್ಲದಿದ್ದರೆ ಏನು, ಸರ್ವರ್ ಕೈಕೊಟ್ಟರೆ ಏನು, ನಡುವಿನ ಒಂದು ಸಾಲು ಅಳಿಸಿದರೆ ಉಳಿದವು ತಮ್ಮತನ ಉಳಿಸಿಕೊಳ್ಳುತ್ತವೆಯೇ. ಈ ಪ್ರಶ್ನೆಗಳಿಗೆ ಒಂದು ಕಡೆ ಉತ್ತರ ಬರೆದಿಟ್ಟು ಎಲ್ಲ ಪುಟಗಳಲ್ಲೂ ಬಳಸಬೇಕು ಎಂಬ ಆಸೆಯಿಂದ ಹುಟ್ಟಿದ್ದು ಟೆಂಪ್ಲೇಟ್ ಆಧಾರಿತ ಪಟ್ಟಿ ಕಾಂಪೊನೆಂಟ್. ಅದರಲ್ಲಿ ಚೌಕಟ್ಟು ಕಾಂಪೊನೆಂಟ್‌ನದು, ಸಾಲಿನೊಳಗೆ ಏನು ಹೇಗೆ ಕಾಣಬೇಕೆಂಬುದು ಬಳಸುವ ಪುಟಕ್ಕೆ ಬಿಟ್ಟದ್ದು.

ಈ ಕೆಲಸವನ್ನು ಕಲಿಸುವ ಪಾಠಗಳಲ್ಲಿ ನನಗೆ ತುಂಬ ಮೆಚ್ಚುಗೆಯಾದದ್ದೂ, ಅಷ್ಟೇ ತಕರಾರು ಇರುವುದೂ ಒಂದೇ ಪಾಠದ ಮೇಲೆ: ಮೈಕ್ರೋಸಾಫ್ಟ್‌ನ ಬ್ಲೇಜರ್ ಫ್ರೇಮ್‌ವರ್ಕ್ ಕಲಿಯಲೆಂದು ಸಿದ್ಧವಾದ ‘ಬ್ಲೇಜಿಂಗ್ ಪಿಜ್ಜಾ’ ಕಾರ್ಯಾಗಾರದ ಟೆಂಪ್ಲೇಟೆಡ್‌ಲಿಸ್ಟ್. ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ ಬದಲು ಸಿ ಶಾರ್ಪ್ ಭಾಷೆಯಲ್ಲೇ ಇಂಟರ್‌ಫೇಸ್ ಬರೆಯಬಹುದು ಎಂಬ ಕಲ್ಪನೆಯನ್ನು ಸ್ಟೀವ್ ಸ್ಯಾಂಡರ್ಸನ್ 2017ರಲ್ಲಿ ಓಸ್ಲೋದ ಎನ್‌ಡಿಸಿ ಸಮ್ಮೇಳನದಲ್ಲಿ ಪ್ರಯೋಗವಾಗಿ ತೋರಿಸಿದರು. ಅದು 2019ರ ಸೆಪ್ಟೆಂಬರ್‌ನಲ್ಲಿ ಡಾಟ್‌ನೆಟ್ ಕೋರ್ 3.0ರ ಜೊತೆ ಸರ್ವರ್ ರೂಪದಲ್ಲೂ, 2020ರ ಮೇ ತಿಂಗಳಲ್ಲಿ ವೆಬ್‌ಅಸೆಂಬ್ಲಿ ರೂಪದಲ್ಲೂ ಅಧಿಕೃತವಾಯಿತು. ಕಾಂಪೊನೆಂಟ್‌ಗೆ ಟೆಂಪ್ಲೇಟುಗಳನ್ನು ಒದಗಿಸುವ ಸೌಲಭ್ಯ ಅದಕ್ಕೂ ಮುಂಚೆ, ಇನ್ನೂ ಪ್ರಯೋಗದ ಹಂತದಲ್ಲಿದ್ದ 2018ರಲ್ಲೇ ಬಂದಿತ್ತು. ಕಾರ್ಯಾಗಾರದಲ್ಲಿ ಕಲಿಯುವವರು ಒಂದು ಪಿಜ್ಜಾ ಅಂಗಡಿಯ ಆ್ಯಪ್ ಕಟ್ಟುತ್ತಾ ಹೋಗುತ್ತಾರೆ. ಆರ್ಡರ್, ಲಾಗಿನ್, ನಕ್ಷೆ ಎಲ್ಲ ಮುಗಿದ ಮೇಲೆ, ಕೊನೆಯ ಹತ್ತಿರದ ಒಂದು ಪಾಠದಲ್ಲಿ ಈ ಪಟ್ಟಿ ಬರುತ್ತದೆ.

ಪಾಠ ಶುರುವಾಗುವ ಜಾಗವೇ ಚೆನ್ನಾಗಿದೆ. ‘ನನ್ನ ಆರ್ಡರ್‌ಗಳು’ ಪುಟವನ್ನು ಕಲಿಯುವವರು ಹಿಂದಿನ ಒಂದು ಪಾಠದಲ್ಲಿ ತಾವೇ ಬರೆದಿರುತ್ತಾರೆ. ಪಟ್ಟಿ ಶೂನ್ಯ, ಅಂದರೆ ‘ನಲ್’ ಆಗಿದ್ದರೆ ಲೋಡಿಂಗ್ ಎಂದು ತೋರಿಸು. ಪಟ್ಟಿ ಬಂದಿದೆ ಆದರೆ ಒಳಗೆ ಏನೂ ಇಲ್ಲದಿದ್ದರೆ ಇನ್ನೂ ಆರ್ಡರ್ ಮಾಡಿಲ್ಲ ಎಂದು ಹೇಳಿ ಪಿಜ್ಜಾ ಕೊಳ್ಳುವ ಬಟನ್ ಕೊಡು. ಇದ್ದರೆ ಒಂದೊಂದಾಗಿ ಬಿಡಿಸು. ಈ ಮೂರು ಕವಲನ್ನು ಪುಟದಿಂದ ಎತ್ತಿ ಬೇರೆ ಕಾಂಪೊನೆಂಟ್‌ಗೆ ಸಾಗಿಸುವುದೇ ಪಾಠ. ಹುಟ್ಟುವ ಕಾಂಪೊನೆಂಟ್ ಒಂದು ಪರದೆಯಲ್ಲಿ ಹಿಡಿಸುವಷ್ಟು ಚಿಕ್ಕದು. ಅದು ಹೊರಗಿನಿಂದ ಕೇಳುವುದು ಐದು ಸಂಗತಿ: ಮಾಹಿತಿ ತರುವ ಒಂದು ಫಂಕ್ಷನ್, ಅದರ ಹೆಸರು ಲೋಡರ್, ಕಾಯುವಾಗ ತೋರಿಸಲು ಲೋಡಿಂಗ್ ಎಂಬ ತುಣುಕು, ಖಾಲಿ ಇದ್ದಾಗ ಎಂಪ್ಟಿ ಎಂಬ ತುಣುಕು, ಪ್ರತಿ ಸಾಲಿಗೆ ಐಟಂ ಎಂಬ ತುಣುಕು, ಹೊರ ಚೌಕಟ್ಟಿಗೆ ಅಂಟಿಸಲು ಒಂದು ಸಿಎಸ್‌ಎಸ್ ಕ್ಲಾಸ್‌ನ ಹೆಸರು. ತುಣುಕು ಎಂದೆನಲ್ಲ, ಬ್ಲೇಜರ್‌ನಲ್ಲಿ ಅದಕ್ಕೆ ರೆಂಡರ್‌ಫ್ರಾಗ್ಮೆಂಟ್ ಎನ್ನುತ್ತಾರೆ. ಅದು ಒಂದು ಫಂಕ್ಷನ್ನೇ. ಕರೆದಾಗ ತನ್ನ ಪಾಲಿನ ಎಚ್‌ಟಿಎಂಎಲ್ ಬರೆಯುತ್ತದೆ. ಐಟಂ ಮಾತ್ರ ಒಂದು ಮೌಲ್ಯವನ್ನು ತೆಗೆದುಕೊಂಡು ಬರೆಯುವ ತುಣುಕು, ಏಕೆಂದರೆ ಯಾವ ಸಾಲು ಎಂಬುದು ಅದಕ್ಕೆ ತಿಳಿಯಬೇಕು.

ಇದರಲ್ಲಿ ನಾನು ಮನಸಾರೆ ಮೆಚ್ಚುವುದು ಎಂಪ್ಟಿಯನ್ನು. ಖಾಲಿ ಪಟ್ಟಿ ಎಂಬುದು ಡೆವಲಪರ್‌ಗಳ ಕಣ್ಣಿಗೆ ಬೀಳುವುದೇ ಕಷ್ಟ. ಅವರ ಟೆಸ್ಟ್ ಡೇಟಾಬೇಸ್‌ನಲ್ಲಿ ಯಾವಾಗಲೂ ನಾಲ್ಕಾರು ಸಾಲು ಇದ್ದೇ ಇರುತ್ತದೆ. ಹೊಸದಾಗಿ ಖಾತೆ ತೆರೆದವರು ಮಾತ್ರ ಮೊದಲ ದಿನ ಬಿಳಿ ಪುಟ ನೋಡಿ, ಆ್ಯಪ್ ಕೆಟ್ಟಿದೆಯೋ ತಾವೇ ಏನಾದರೂ ತಪ್ಪು ಒತ್ತಿದೆವೋ ಎಂದು ಗಾಬರಿಯಾಗುತ್ತಾರೆ. ಕಾಂಪೊನೆಂಟ್‌ನ ಸಹಿಯಲ್ಲೇ ಎಂಪ್ಟಿ ಎಂಬ ಹೆಸರು ಇದ್ದರೆ, ಬಳಸುವವರು ಆ ಜಾಗ ತುಂಬದೆ ಬಿಡಲು ಒಂದು ಕ್ಷಣ ಯೋಚಿಸಬೇಕಾಗುತ್ತದೆ. ಕಡ್ಡಾಯ ಮಾಡಿಲ್ಲ, ಅದು ನಿಜ. ಆದರೆ ಹೆಸರಿಟ್ಟು ಜಾಗ ಕೊಟ್ಟದ್ದೇ ಅರ್ಧ ಕೆಲಸ. ಜಾಂಗೋ ಎಂಬ ವೆಬ್ ಫ್ರೇಮ್‌ವರ್ಕ್ 2009ರಲ್ಲಿ ತನ್ನ ಟೆಂಪ್ಲೇಟ್ ಭಾಷೆಯ ಲೂಪಿಗೇ ‘ಎಂಪ್ಟಿ’ ಕವಲನ್ನು ಸೇರಿಸಿದಾಗ ಮಾಡಿದ್ದೂ ಇದನ್ನೇ.

ಮೈಕ್ರೋಸಾಫ್ಟ್‌ನ ಸ್ವಂತ ಪರಂಪರೆಯಲ್ಲೂ ಇದಕ್ಕೆ ಹಿಂದಿನ ಕೊಂಡಿ ಇದೆ. 2002ರ ವೆಬ್ ಫಾರ್ಮ್ಸ್‌ನಲ್ಲಿ ರಿಪೀಟರ್ ಎಂಬ ಕಂಟ್ರೋಲ್ ಇತ್ತು. ಸಾಲಿಗೆ ಒಂದು ಟೆಂಪ್ಲೇಟ್, ತಲೆಗೆ ಒಂದು, ಎರಡು ಸಾಲಿನ ನಡುವೆ ಒಂದು. ಖಾಲಿ ಪಟ್ಟಿಗೆ ಮಾತ್ರ ಏನೂ ಇರಲಿಲ್ಲ. ಅದು ಬಂದದ್ದು 2005ರ ಗ್ರಿಡ್‌ವ್ಯೂ ಜೊತೆ. ಆ ಕಾಲದಲ್ಲಿ ಸಾಲಿನೊಳಗೆ ಒಂದು ಹೆಸರು ತೋರಿಸಬೇಕಾದರೆ ‘ಇವ್ಯಾಲ್’ ಎಂದು ಬರೆದು ಉದ್ಧರಣ ಚಿಹ್ನೆಯೊಳಗೆ ಕಾಲಂನ ಹೆಸರು ಟೈಪ್ ಮಾಡಬೇಕಿತ್ತು. ಕಾಗುಣಿತ ತಪ್ಪಿದರೆ ಕಂಪೈಲರ್ ಬಾಯಿ ಬಿಡುತ್ತಿರಲಿಲ್ಲ. ಪುಟ ಗ್ರಾಹಕರ ಮುಂದೆ ತೆರೆದಾಗಲೇ ತಪ್ಪು ಹೊರಬೀಳುತ್ತಿತ್ತು. 2012ರ 4.5 ಆವೃತ್ತಿಯಲ್ಲಿ ಸಾಲಿನ ಟೈಪ್ ಹೇಳುವ ಅನುಕೂಲ ಬಂದಾಗ ಅನೇಕರು ನಿಟ್ಟುಸಿರು ಬಿಟ್ಟರು. ಟೆಂಪ್ಲೇಟೆಡ್‌ಲಿಸ್ಟ್ ಈ ದಾರಿಯ ತುದಿಯಲ್ಲಿದೆ. ಕಡತದ ಮೊದಲ ಸಾಲಿನಲ್ಲಿ ಟೈಪ್‌ಪ್ಯಾರಂ ಎಂದು ಟಿಐಟಂ ಅನ್ನು ಘೋಷಿಸಿದರೆ ಸಾಕು. ಲೋಡರ್ ಫಂಕ್ಷನ್ ಆರ್ಡರ್‌ಗಳನ್ನು ತರುತ್ತದೆ ಎಂದು ನೋಡಿ, ಸಾಲಿನೊಳಗೆ ಬರುವುದು ಆರ್ಡರ್ ಎಂದು ಕಂಪೈಲರ್ ತಾನೇ ಊಹಿಸುತ್ತದೆ. ಎಡಿಟರ್‌ನಲ್ಲಿ ಚುಕ್ಕೆ ಒತ್ತಿದ ಕೂಡಲೇ ಆರ್ಡರ್‌ನ ದಿನಾಂಕ, ಮೊತ್ತ, ಸ್ಥಿತಿ ಎಲ್ಲ ಪಟ್ಟಿಯಾಗಿ ಇಳಿಯುತ್ತವೆ. ವ್ಯೂ ಎಂಬ ಜಾವಾಸ್ಕ್ರಿಪ್ಟ್ ಫ್ರೇಮ್‌ವರ್ಕ್ ಇಂಥದ್ದೇ ತುಣುಕಿಗಾಗಿ 2016ರಲ್ಲೇ ಸ್ಕೋಪ್ಡ್ ಸ್ಲಾಟ್ ತಂದಿದ್ದರೂ, ಕಾಂಪೊನೆಂಟ್‌ಗೆ ಜೆನೆರಿಕ್ ಟೈಪ್ ಕೊಡುವ ಸೌಲಭ್ಯಕ್ಕೆ 2023ರ 3.3 ಆವೃತ್ತಿಯವರೆಗೆ ಕಾಯಬೇಕಾಯಿತು. ಈ ಒಂದು ವಿಷಯದಲ್ಲಿ ಬ್ಲೇಜರ್ ನಿಜಕ್ಕೂ ಮುಂದಿತ್ತು.

ಸಣ್ಣ ಮುಳ್ಳುಗಳು ಇಲ್ಲದಿಲ್ಲ. ಲೋಡರ್ ಕೊಡಬೇಕಾದದ್ದು ಐಎನ್ಯುಮರಬಲ್‌ನ ಟಾಸ್ಕ್. ನೀವು ಲಿಸ್ಟ್‌ನ ಟಾಸ್ಕ್ ಕೊಟ್ಟರೆ, ಲಿಸ್ಟ್ ಕೂಡ ಐಎನ್ಯುಮರಬಲ್ ಆಗಿದ್ದರೂ, ಟಾಸ್ಕ್‌ನ ನಿಯಮ ಅದನ್ನು ಒಪ್ಪುವುದಿಲ್ಲ. ಒಂದು ಪಟ್ಟಿಯೊಳಗೆ ಇನ್ನೊಂದು ಪಟ್ಟಿ ಇಟ್ಟರೆ ಎರಡರ ಸಾಲಿಗೂ ‘ಕಾಂಟೆಕ್ಸ್ಟ್’ ಎಂಬ ಒಂದೇ ಹೆಸರು ಬಂದು ಕಂಪೈಲರ್ ತಡೆಯುತ್ತದೆ, ಬೇರೆ ಹೆಸರು ಕೊಡಬೇಕು. ಇವು ಒಂದು ಸಲ ಎಡವಿದರೆ ನೆನಪಿರುವ ಸಂಗತಿಗಳು; ಇವುಗಳಿಗಾಗಿ ಪಾಠವನ್ನು ದೂರುವಂತಿಲ್ಲ.

ಟೆಂಪ್ಲೇಟನ್ನು ಅಕ್ಷರದ ಸ್ಟ್ರಿಂಗ್ ಆಗಿ ಕೇಳದೆ ತುಣುಕಾಗಿ ಕೇಳಿದ್ದರಿಂದ ಕನ್ನಡದಲ್ಲಿ ಆ್ಯಪ್ ಮಾಡುವವರಿಗೆ ಒಂದು ಉಪಕಾರವಾಗಿದೆ. ವಸ್ತುವಿನ ಹೆಸರು ಮಾತ್ರ ಕೇಳಿ, ‘ಇಂಥದ್ದು ಸಿಗಲಿಲ್ಲ’ ಎಂಬ ವಾಕ್ಯವನ್ನು ತಾವೇ ಜೋಡಿಸುವ ಕಾಂಪೊನೆಂಟ್‌ಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಇಂಗ್ಲಿಷಿನಲ್ಲಿ ಆ ಜೋಡಣೆ ಹೇಗೋ ನಡೆಯುತ್ತದೆ. ನಮ್ಮಲ್ಲಿ ನಾಮಪದಕ್ಕೆ ವಿಭಕ್ತಿ ಅಂಟಬೇಕು, ಕ್ರಿಯಾಪದ ಲಿಂಗ ವಚನ ನೋಡಬೇಕು. ಜೋಡಿಸಿದ ವಾಕ್ಯ ಸರ್ಕಾರಿ ಅರ್ಜಿ ನಮೂನೆಯಲ್ಲಿ ಬಿಟ್ಟ ಸ್ಥಳ ತುಂಬಿದಂತೆ ಓದಿಸಿಕೊಳ್ಳುತ್ತದೆ. ಇಡೀ ತುಣುಕು ಪುಟದ ಕೈಯಲ್ಲಿದ್ದರೆ, ‘ನೀವು ಇನ್ನೂ ಏನೂ ತರಿಸಿಕೊಂಡಿಲ್ಲ’ ಎಂದು ಮನುಷ್ಯರು ಮಾತಾಡುವ ಹಾಗೆ ಬರೆಯಬಹುದು, ಪಕ್ಕದಲ್ಲಿ ಬಟನ್ನೂ ಇಡಬಹುದು.

ಇಷ್ಟೆಲ್ಲ ಮೆಚ್ಚಿದ ಮೇಲೆ ನನ್ನ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ಪಟ್ಟಿಯಲ್ಲಿ ಏನಿರಬೇಕು ಎಂಬುದನ್ನು ಈ ಕಾಂಪೊನೆಂಟ್ ಧಾರಾಳವಾಗಿ ಪುಟಕ್ಕೆ ಬಿಟ್ಟುಕೊಟ್ಟಿದೆ. ಯಾವಾಗ ಎಂಬುದನ್ನು ಮಾತ್ರ ತನ್ನ ಕೈಗೆ ತೆಗೆದುಕೊಂಡಿದೆ, ತೆಗೆದುಕೊಂಡು ಸರಿಯಾಗಿ ನೋಡಿಕೊಂಡಿಲ್ಲ. ಲೋಡರ್ ಪಟ್ಟಿಯೊಳಗೇ ಕೂತದ್ದು ಇದರ ಮೂಲ.

ಮೊದಲ ಪರಿಣಾಮ ಅದೇ ಆ್ಯಪ್‌ನಲ್ಲಿ ಕಾಣುತ್ತದೆ. ಪಿಜ್ಜಾ ಅಂಗಡಿಯಲ್ಲಿ ಪಟ್ಟಿಗಳು ಬೇಕಾದಷ್ಟಿವೆ. ಮುಖಪುಟದಲ್ಲಿ ವಿಶೇಷ ಪಿಜ್ಜಾಗಳ ಕಾರ್ಡುಗಳಿವೆ. ಪಕ್ಕದಲ್ಲಿ ಬುಟ್ಟಿ ಇದೆ. ಅದು ಖಾಲಿಯಿದ್ದಾಗ ಒಂದು ಪಿಜ್ಜಾ ಆರಿಸಿ ಎಂಬ ಮಾತೂ ಇದೆ. ಪಿಜ್ಜಾ ಮೇಲೆ ಹಾಕುವ ಟಾಪಿಂಗ್‌ಗಳ ಪಟ್ಟಿ ಇದೆ. ಆದರೆ ಮರುಬಳಕೆಗೆಂದೇ ಬೇರೆ ಲೈಬ್ರರಿ ಪ್ರಾಜೆಕ್ಟ್ ತೆರೆದು ಕಟ್ಟಿದ ಟೆಂಪ್ಲೇಟೆಡ್‌ಲಿಸ್ಟ್ ಬಳಕೆಯಾಗುವುದು ಒಂದೇ ಒಂದು ಕಡೆ, ಆರ್ಡರ್‌ಗಳ ಪುಟದಲ್ಲಿ. ಬುಟ್ಟಿಗೆ ಅದು ಏಕೆ ಒಗ್ಗುವುದಿಲ್ಲ ಎಂದು ನೋಡಿ: ಬುಟ್ಟಿಯ ಪಿಜ್ಜಾಗಳು ಆಗಲೇ ಬ್ರೌಸರ್‌ನ ಮೆಮೊರಿಯಲ್ಲಿವೆ, ತರಲು ಏನೂ ಇಲ್ಲ. ಟೆಂಪ್ಲೇಟೆಡ್‌ಲಿಸ್ಟ್ ಲೋಡರ್ ಇಲ್ಲದೆ ಒಂದು ಸಾಲನ್ನೂ ಬಿಡಿಸದು. ಇದ್ದ ಪಟ್ಟಿಯನ್ನೇ ಟಾಸ್ಕ್‌ನಲ್ಲಿ ಸುತ್ತಿ, ತಂದಂತೆ ನಟಿಸುವ ಫಂಕ್ಷನ್ ಬರೆಯಬೇಕು. ಕಾರ್ಡುಗಳಿಗೆ ಒಗ್ಗದಿರುವುದಕ್ಕೆ ಕಾರಣ ಬೇರೆ: ಹೊರ ಚೌಕಟ್ಟು ಬೂಟ್‌ಸ್ಟ್ರ್ಯಾಪ್‌ನ ಲಿಸ್ಟ್‌ಗ್ರೂಪ್ ಎಂದು ಒಳಗೇ ಬರೆದುಹೋಗಿದೆ. ಒಂದು ಹೆಚ್ಚುವರಿ ಕ್ಲಾಸ್ ಸೇರಿಸಬಹುದೇ ಹೊರತು ಚೌಕಟ್ಟನ್ನು ಬದಲಿಸುವಂತಿಲ್ಲ. ಎರಡನೆಯ ಬಳಕೆಯನ್ನು ಎದುರಿಸದ ಕಾಂಪೊನೆಂಟ್‌ನ ಮರುಬಳಕೆಯ ಗುಣ ಇನ್ನೂ ಹೇಳಿಕೆಯ ಮಟ್ಟದಲ್ಲೇ ಉಳಿದಿರುತ್ತದೆ. ಪಾಠ ಬರೆದವರು ಬುಟ್ಟಿಯನ್ನೂ ಇದರೊಳಗೆ ತರಲು ಪ್ರಯತ್ನಿಸಿದ್ದರೆ ವಿನ್ಯಾಸದ ಬಿರುಕು ಅವರಿಗೇ ಕಾಣುತ್ತಿತ್ತು ಎಂಬುದು ನನ್ನ ನಂಬಿಕೆ.

ಎರಡನೆಯ ಪರಿಣಾಮ ಇನ್ನೂ ಗಂಭೀರ. ಲೋಡರ್ ಅನ್ನು ಕರೆಯುವುದು ‘ಆನ್‌ಪ್ಯಾರಾಮೀಟರ್ಸ್‌ಸೆಟ್‌ಅಸಿಂಕ್’ ಎಂಬ ಹಂತದಲ್ಲಿ, ಅಂದರೆ ಹೊರಗಿನ ಪುಟ ತನ್ನ ನಿಯತಾಂಕಗಳನ್ನು ಕಾಂಪೊನೆಂಟ್‌ಗೆ ಕೊಟ್ಟ ಪ್ರತಿ ಸಲವೂ. ಹೊರಗಿನ ಕಾಂಪೊನೆಂಟ್ ಮತ್ತೆ ಚಿತ್ರಿಸಿಕೊಂಡಾಗ ಬ್ಲೇಜರ್ ಒಳಗಿನದರ ನಿಯತಾಂಕ ಬದಲಾಗಿದೆಯೇ ಎಂದು ನೋಡುತ್ತದೆ. ಸಂಖ್ಯೆ, ಸ್ಟ್ರಿಂಗ್, ದಿನಾಂಕದಂಥವನ್ನು ಅದು ಹೋಲಿಸಬಲ್ಲದು. ಅವು ಬದಲಾಗಿಲ್ಲದಿದ್ದರೆ ಒಳಗಿನದನ್ನು ಮುಟ್ಟುವುದಿಲ್ಲ. ಫಂಕ್ಷನ್ ಇರಲಿ, ತುಣುಕು ಇರಲಿ, ಅವನ್ನು ಬದಲಾಗಿರಬಹುದು ಎಂದೇ ಎಣಿಸುತ್ತದೆ. ಟೆಂಪ್ಲೇಟೆಡ್‌ಲಿಸ್ಟ್ ತೆಗೆದುಕೊಳ್ಳುವುದು ಹೆಚ್ಚಾಗಿ ಇವೇ. ಹೀಗಾಗಿ ಆರ್ಡರ್ ಪುಟದಲ್ಲಿ ಒಂದು ಚೆಕ್‌ಬಾಕ್ಸ್ ಸೇರಿಸಿ, ಅದನ್ನು ಒತ್ತಿದಾಗ ಪಕ್ಕದ ಒಂದು ಶೀರ್ಷಿಕೆ ಬದಲಾಗುವಂತೆ ಮಾಡಿ ನೋಡಿ. ಶೀರ್ಷಿಕೆಗೂ ಆರ್ಡರ್‌ಗಳಿಗೂ ಸಂಬಂಧವಿಲ್ಲ. ಆದರೂ ಪ್ರತಿ ಒತ್ತಿಗೂ ಸರ್ವರ್‌ಗೆ ಒಂದು ಹೊಸ ಕೋರಿಕೆ ಹೊರಡುತ್ತದೆ. ಬ್ರೌಸರ್‌ನ ನೆಟ್‌ವರ್ಕ್ ಫಲಕ ತೆರೆದಿಟ್ಟುಕೊಂಡರೆ ಸಾಲುಸಾಲಾಗಿ ಬೀಳುವುದು ಕಣ್ಣಿಗೇ ಕಾಣುತ್ತದೆ. ಅಷ್ಟೇ ಅಲ್ಲ, ಎರಡು ಕೋರಿಕೆ ಒಟ್ಟಿಗೆ ಹೊರಟು, ಮೊದಲು ಹೊರಟದ್ದು ನಂತರ ಬಂದರೆ, ಹಳೆಯ ಉತ್ತರ ಹೊಸದರ ಮೇಲೆ ಕೂರುತ್ತದೆ. ರದ್ದು ಮಾಡುವ ಏರ್ಪಾಡು ಯಾವುದೂ ಇಲ್ಲ.

ಕಾರ್ಯಾಗಾರದ ಪುಟದಲ್ಲಿ ಈ ತೊಂದರೆ ಮೇಲೆ ಬರುವುದಿಲ್ಲ. ಆರ್ಡರ್ ಪುಟದಲ್ಲಿ ಪಟ್ಟಿಯ ಹೊರಗೆ ಬದಲಾಗುವಂಥದ್ದು ಏನೂ ಇಲ್ಲವಲ್ಲ. ಆದರೆ ಪಾಠದ ಕೋಡ್ ಪಾಠದಲ್ಲೇ ಉಳಿಯುವುದಿಲ್ಲ. ಬೆಂಗಳೂರಿನಲ್ಲಿ ಡಾಟ್‌ನೆಟ್ ನಂಬಿ ಕೆಲಸ ಮಾಡುವ ತಂಡಗಳು ಎಷ್ಟೋ ಇವೆ. ಹೊಸದಾಗಿ ಸೇರಿದವರಿಗೆ ಇಂಥ ಕಾರ್ಯಾಗಾರಗಳೇ ಮೊದಲ ಮೇಷ್ಟ್ರು. ಅವರು ಅದನ್ನೇ ನಕಲು ಮಾಡಿ, ಪಿಜ್ಜಾ ಬದಲು ಇನ್‌ವಾಯ್ಸ್ ಎಂದು ಬರೆದು, ಮೇಲೆ ಹುಡುಕು ಪೆಟ್ಟಿಗೆ ಒಂದನ್ನು ಕೂರಿಸುತ್ತಾರೆ. ಅಲ್ಲಿ ಒಂದೊಂದು ಅಕ್ಷರ ಟೈಪ್ ಮಾಡಿದಾಗಲೂ ಡೇಟಾಬೇಸ್ ಬಾಗಿಲು ಬಡಿಯುತ್ತದೆ. ಪಾಠಕ್ಕೆ ಉತ್ಪನ್ನದಷ್ಟು ಬಿಗಿ ಬೇಡ ಎನ್ನುವವರ ಮಾತು ನನಗೆ ಒಪ್ಪಿಗೆಯಾಗದೆ ಇರುವುದು ಇದೇ ಕಾರಣಕ್ಕೆ.

ತಿದ್ದುವುದು ಕಷ್ಟವೇನಲ್ಲ, ಆದರೆ ಅದರಲ್ಲೂ ಒಂದು ಸೂಕ್ಷ್ಮವಿದೆ. ಹಿಂದಿನ ಲೋಡರ್ ಯಾವುದು ಎಂದು ನೆನಪಿಟ್ಟುಕೊಂಡು, ಈಗ ಬಂದದ್ದು ಅದಕ್ಕೆ ಸಮವಲ್ಲದಿದ್ದರೆ ಮಾತ್ರ ಕರೆಯುವುದು ಮೊದಲು ಹೊಳೆಯುವ ದಾರಿ. ಪುಟದಲ್ಲಿ ‘ಲೋಡ್‌ಆರ್ಡರ್ಸ್’ ಎಂದು ಹೆಸರಿಟ್ಟ ಫಂಕ್ಷನ್ ಕೊಟ್ಟಿದ್ದರೆ ಇದು ಸರಿಯಾಗಿಯೇ ನಡೆಯುತ್ತದೆ. ಪ್ರತಿ ಸಲ ಫಂಕ್ಷನ್ ಅನ್ನು ಹೊತ್ತ ಹೊಸ ವಸ್ತು, ಅಂದರೆ ಡೆಲಿಗೇಟ್, ಹುಟ್ಟಿದರೂ, ಎರಡು ಡೆಲಿಗೇಟ್‌ಗಳು ಒಂದೇ ವಸ್ತುವಿನ ಒಂದೇ ವಿಧಾನವನ್ನು ತೋರುತ್ತಿದ್ದರೆ ಸಿ ಶಾರ್ಪ್ ಅವನ್ನು ಸಮ ಎಂದೇ ಪರಿಗಣಿಸುತ್ತದೆ. ಆದರೆ ಲೂಪಿನೊಳಗೆ ನಿಂತು, ಲೂಪಿನ ಚರವನ್ನು ಹಿಡಿದುಕೊಂಡ ಲ್ಯಾಂಬ್ಡಾ ಕೊಟ್ಟರೆ, ಆ ಚರವನ್ನು ಹೊತ್ತ ವಸ್ತು ಪ್ರತಿ ಚಿತ್ರಣಕ್ಕೂ ಹೊಸದು. ಹೋಲಿಕೆ ಪ್ರತಿ ಸಲ ಸೋಲುತ್ತದೆ. ಇದಕ್ಕೆ ವಿರುದ್ಧವಾದ ಸಮಸ್ಯೆಯೂ ಇದೆ. ಲೋಡರ್ ಅದೇ ಇದ್ದು, ಅದು ಓದುವ ಹುಡುಕು ಪದ ಬದಲಾದರೆ ಪಟ್ಟಿಗೆ ಸುಳಿವೇ ಸಿಗದು. ಆದ್ದರಿಂದ ಮತ್ತೆ ತಾ ಎಂದು ಪುಟವೇ ಬಾಯಿಬಿಟ್ಟು ಹೇಳುವ ವಿಧಾನ ಬೇಕು. ಬ್ಲೇಜರ್‌ನ ಜೊತೆ ಒದಗಿಸುವ ವರ್ಚುಯಲೈಸ್, ಕ್ವಿಕ್‌ಗ್ರಿಡ್ ಎಂಬ ಎರಡು ಕಾಂಪೊನೆಂಟ್‌ಗಳಲ್ಲೂ ‘ರಿಫ್ರೆಶ್‌ಡೇಟಾಅಸಿಂಕ್’ ಇರುವುದು ಇದಕ್ಕೇ.

ಮೂರನೆಯದು ಸೋಲಿನ ವಿಚಾರ. ಕಾಯುವುದಕ್ಕೆ ತುಣುಕಿದೆ, ಖಾಲಿಗೆ ತುಣುಕಿದೆ, ಸಾಲಿಗೆ ತುಣುಕಿದೆ, ಎಡವಟ್ಟಾದರೆ ತುಣುಕಿಲ್ಲ. ಲೋಡರ್ ನಡುವೆ ಎಕ್ಸೆಪ್ಶನ್ ಎಸೆದರೆ ಪಟ್ಟಿ ನಲ್ ಆಗಿಯೇ ಉಳಿಯುತ್ತದೆ. ನೆಟ್‌ವರ್ಕ್ ಹೋದ ಗ್ರಾಹಕರು ಲೋಡಿಂಗ್ ಎಂಬುದನ್ನೇ ನೋಡುತ್ತಾ ಕೂರಬೇಕು, ಪುಟದ ಕೆಳಗೆ ಬ್ಲೇಜರ್‌ನ ಹಳದಿ ಪಟ್ಟಿಯೊಂದು ಏನೋ ತಪ್ಪಾಗಿದೆ ಎನ್ನುತ್ತದೆ. ಸರ್ವರ್ ರೂಪದ ಬ್ಲೇಜರ್‌ನಲ್ಲಾದರೆ ಹಿಡಿಯದೆ ಬಿಟ್ಟ ಎಕ್ಸೆಪ್ಶನ್ ಬಳಕೆದಾರರ ಸಂಪರ್ಕವನ್ನೇ ಕೊನೆಗಾಣಿಸುತ್ತದೆ. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಆರ್ಡರ್ ಪುಟದ ಲೋಡ್‌ಆರ್ಡರ್ಸ್ ಬರೆದಿರುವ ರೀತಿ. ಮೊದಲು ಒಂದು ಖಾಲಿ ಪಟ್ಟಿ ಇಟ್ಟುಕೊಳ್ಳುತ್ತದೆ. ಸರ್ವರ್ ಅನ್ನು ಕೇಳುತ್ತದೆ. ಲಾಗಿನ್ ಟೋಕನ್ ಸಿಗದಿದ್ದರೆ ಆ ತಪ್ಪನ್ನು ಹಿಡಿದು ಲಾಗಿನ್ ಪುಟದ ಕಡೆಗೆ ಕಳಿಸುತ್ತದೆ, ಆಮೇಲೆ ಕೈಯಲ್ಲಿದ್ದ ಖಾಲಿ ಪಟ್ಟಿಯನ್ನೇ ವಾಪಸ್ ಕೊಡುತ್ತದೆ. ಹಾಗಾಗಿ ಪುಟ ಬದಲಾಗುವ ಮುನ್ನದ ಆ ಚೂರು ಹೊತ್ತಿನಲ್ಲಿ ಟೆಂಪ್ಲೇಟೆಡ್‌ಲಿಸ್ಟ್‌ಗೆ ತಿಳಿದಿರುವ ಸತ್ಯವೆಂದರೆ ಇವರು ಏನೂ ಆರ್ಡರ್ ಮಾಡಿಲ್ಲ ಎಂಬುದು. ಸೋಲು ಖಾಲಿತನದ ವೇಷ ಹಾಕಿಕೊಂಡಿತು. ಬರೆದವರ ತಪ್ಪು ಇದರಲ್ಲಿ ಕಡಿಮೆ. ಕಾಂಪೊನೆಂಟ್ ಸೋಲಿಗೆ ಜಾಗ ಕೊಟ್ಟಿರಲಿಲ್ಲ, ಅವರು ಇದ್ದ ಜಾಗಗಳಲ್ಲಿ ಹತ್ತಿರದ್ದಕ್ಕೆ ಅದನ್ನು ತಳ್ಳಿದರು. ಪಿಜ್ಜಾ ಬದಲು ಇದು ರಕ್ತಪರೀಕ್ಷೆಯ ವರದಿಗಳ ಪಟ್ಟಿಯಾಗಿದ್ದು, ಮುಂದೆ ಕಳಿಸಲು ಬೇರೆ ಪುಟವೂ ಇಲ್ಲದಿದ್ದರೆ, ‘ನಿಮ್ಮ ವರದಿ ಯಾವುದೂ ಇಲ್ಲ’ ಎಂಬ ಸುಳ್ಳು ಮಾತು ಪರದೆಯ ಮೇಲೆ ನಿಂತೇ ಇರುತ್ತದೆ. ಡಾಟ್‌ನೆಟ್ 6ರಲ್ಲಿ ಎರರ್‌ಬೌಂಡರಿ ಎಂಬ ಕಾಂಪೊನೆಂಟ್ ಬಂದಿದೆ, ಅದನ್ನು ಹೊರಗೆ ಸುತ್ತಬಹುದು. ಆದರೆ ಮತ್ತೆ ಪ್ರಯತ್ನಿಸಿ ಎಂಬ ಬಟನ್ ಇರಬೇಕಾದದ್ದು ಪಟ್ಟಿಯ ಜಾಗದಲ್ಲೇ, ಯಾವ ಲೋಡರ್ ಕರೆಯಬೇಕೆಂದು ಗೊತ್ತಿರುವುದೂ ಪಟ್ಟಿಗೇ.

ಸ್ವೆಲ್ಟ್ ಎಂಬ ಇನ್ನೊಂದು ಫ್ರೇಮ್‌ವರ್ಕ್‌ನಲ್ಲಿ ಕಾಯುವುದು, ಸಾಲು ಬಿಡಿಸುವುದು ಎಂಬ ಎರಡು ಕೆಲಸ ಬೇರೆ ಬೇರೆ ಇವೆ. ಕಾಯುವುದಕ್ಕೆ ‘ಅವೇಟ್’ ಎಂಬ ಬ್ಲಾಕ್. ಅದಕ್ಕೆ ಬರುತ್ತಿದೆ, ಬಂತು, ಕೆಟ್ಟಿತು ಎಂಬ ಮೂರು ಕವಲು. ಸಾಲು ಬಿಡಿಸುವುದಕ್ಕೆ ‘ಈಚ್’ ಎಂಬ ಬ್ಲಾಕ್. ಖಾಲಿಯಿದ್ದರೆ ಅದರದ್ದೇ ‘ಎಲ್ಸ್’ ಕವಲು. ಹೊತ್ತಿನ ಪ್ರಶ್ನೆ ಒಂದು ಕಡೆ, ಸಾಲಿನ ಪ್ರಶ್ನೆ ಇನ್ನೊಂದು ಕಡೆ. ಟೆಂಪ್ಲೇಟೆಡ್‌ಲಿಸ್ಟ್ ಅವೆರಡನ್ನೂ ಒಂದೇ ಇಫ್-ಎಲ್ಸ್ ಏಣಿಯಲ್ಲಿ ಪೋಣಿಸಿದ್ದರಿಂದಲೇ ಒಂದು ಮೆಟ್ಟಿಲು ಕಾಣೆಯಾದದ್ದು ಯಾರಿಗೂ ತಿಳಿಯಲಿಲ್ಲ.

ಸಾಲುಗಳ ಗುರುತಿನ ವಿಷಯ ಬೇಗ ಹೇಳಿಬಿಡುತ್ತೇನೆ. ಲೂಪಿನೊಳಗೆ ‘ಕೀ’ ಕೊಟ್ಟಿಲ್ಲ. ಕೀ ಇಲ್ಲದಿದ್ದರೆ ಬ್ಲೇಜರ್ ಹಳೆಯ ಸಾಲನ್ನೂ ಹೊಸ ಸಾಲನ್ನೂ ಸ್ಥಾನ ನೋಡಿ ಜೋಡಿಸುತ್ತದೆ. ಮೊದಲ ಸಾಲು ಅಳಿಸಿದರೆ, ಎರಡನೆಯ ಸಾಲಿನ ಇನ್‌ಪುಟ್ ಪೆಟ್ಟಿಗೆಯಲ್ಲಿ ಅರ್ಧ ಟೈಪ್ ಮಾಡಿದ್ದ ಪದ ಮೂರನೆಯದಾಗಿದ್ದ ಸಾಲಿಗೆ ಸೇರಿಬಿಡಬಹುದು. ಸಾಲಿನೊಳಗೆ ಏನು ಇಡುತ್ತಾರೋ ಗೊತ್ತಿಲ್ಲದ ಕಾಂಪೊನೆಂಟ್‌ಗೆ ಇದು ಸರಿಹೋಗದು. ಆ್ಯಂಗುಲರ್ ಫ್ರೇಮ್‌ವರ್ಕ್ 2023ರ ನವೆಂಬರ್‌ನಲ್ಲಿ 17ನೇ ಆವೃತ್ತಿ ತಂದಾಗ ಹೊಸ ‘ಫಾರ್’ ಬ್ಲಾಕಿನಲ್ಲಿ ಸಾಲಿನ ಗುರುತು ಹೇಳುವ ‘ಟ್ರ್ಯಾಕ್’ ಅನ್ನು ಕಡ್ಡಾಯ ಮಾಡಿತು. ಬರೆಯುವವರಿಗೆ ಕಿರಿಕಿರಿ ಎನಿಸಿದರೂ ಅದು ಸರಿಯಾದ ನಿರ್ಧಾರ ಎಂದೇ ನನ್ನ ಅಭಿಪ್ರಾಯ.

ಚೌಕಟ್ಟಿನ ಎಚ್‌ಟಿಎಂಎಲ್ ಬಗ್ಗೆ ಇಷ್ಟು ಬೇಗ ಮುಗಿಸಲಾರೆ. ಹೊರಗೊಂದು ಡಿವ್, ಪ್ರತಿ ಸಾಲಿಗೊಂದು ಡಿವ್. ಕಣ್ಣಿಗೆ ಪಟ್ಟಿಯಂತೆ ಕಾಣುತ್ತದೆ. ಸ್ಕ್ರೀನ್ ರೀಡರ್ ಬಳಸುವವರಿಗೆ ಮಾತ್ರ ಅದು ಪಟ್ಟಿಯೆಂದೇ ಗೊತ್ತಾಗದು. ಯುಎಲ್, ಎಲ್‌ಐ ಬಳಸಿದ್ದರೆ ‘ಪಟ್ಟಿ, ಐದು ಸಾಲು’ ಎಂದು ಯಂತ್ರ ಮೊದಲೇ ಹೇಳುತ್ತಿತ್ತು. ಅವರು ಒಂದು ಕೀಲಿ ಒತ್ತಿ ಪಟ್ಟಿಯಿಂದ ಪಟ್ಟಿಗೆ ಜಿಗಿಯಬಹುದಿತ್ತು. ಅದೇ ಆ್ಯಪ್‌ನ ಮುಖಪುಟದಲ್ಲಿ ಪಿಜ್ಜಾ ಕಾರ್ಡುಗಳನ್ನು ಯುಎಲ್, ಎಲ್‌ಐನಲ್ಲೇ ಬರೆದಿರುವುದನ್ನು ನೋಡಿದರೆ ಇದು ಇನ್ನೂ ಬೇಸರ ತರಿಸುತ್ತದೆ. ಲೋಡಿಂಗ್ ಹೋಗಿ ಸಾಲುಗಳು ಬಂದದ್ದನ್ನು ಪ್ರಕಟಿಸುವ ಏರ್ಪಾಡೂ ಇಲ್ಲ. ಪುಟದಲ್ಲಿ ಮರೆತರೆ ಒಂದು ಪುಟ ಕೆಡುತ್ತದೆ. ಮರುಬಳಕೆಯ ಕಾಂಪೊನೆಂಟ್‌ನಲ್ಲಿ ಮರೆತರೆ ಅದನ್ನು ಬಳಸಿದ ಎಲ್ಲ ಪುಟವೂ ಕೆಡುತ್ತದೆ. ಅಂಧ ಬಳಕೆದಾರರಿಗೆ ಬೇಕಾದದ್ದನ್ನು ಒಂದು ಕಡೆ ಸರಿಯಾಗಿ ಮಾಡಿ ಎಲ್ಲೆಡೆ ಪಡೆಯಲು ಇಂಥ ಕಾಂಪೊನೆಂಟ್‌ಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಸಾಲುಗಳು ಸಾವಿರ ದಾಟಿದರೆ ಬ್ಲೇಜರ್‌ನಲ್ಲಿ ವರ್ಚುಯಲೈಸ್ ಇದೆ. 2020ರ ನವೆಂಬರ್‌ನ ಡಾಟ್‌ನೆಟ್ 5ರ ಜೊತೆ ಬಂದದ್ದು. ಪರದೆಯಲ್ಲಿ ಕಾಣುವಷ್ಟು ಸಾಲನ್ನು ಮಾತ್ರ ಬಿಡಿಸಿ, ಉಳಿದ ಎತ್ತರವನ್ನು ಖಾಲಿ ಜಾಗದಿಂದ ತುಂಬುತ್ತದೆ. ಹೊತ್ತಿನ ವಿಚಾರದಲ್ಲಿ ಅದು ಟೆಂಪ್ಲೇಟೆಡ್‌ಲಿಸ್ಟ್‌ಗಿಂತ ಬಹಳ ಜವಾಬ್ದಾರಿಯುಳ್ಳದ್ದು. ಮಾಹಿತಿ ಒದಗಿಸುವ ಫಂಕ್ಷನ್‌ಗೆ ಎಲ್ಲಿಂದ ಎಷ್ಟು ಸಾಲು ಬೇಕೆಂದು ಹೇಳುತ್ತದೆ, ಜೊತೆಗೆ ರದ್ದು ಮಾಡುವ ಟೋಕನ್ ಕೊಡುತ್ತದೆ. ಆದರೆ ಖಾಲಿ ಪಟ್ಟಿಗೆ ಬೇಕಾದ ‘ಎಂಪ್ಟಿಕಾಂಟೆಂಟ್’ ಅದಕ್ಕೆ ಸಿಕ್ಕಿದ್ದು 2023ರ ಡಾಟ್‌ನೆಟ್ 8ರಲ್ಲಿ. ಕಲಿಕೆಗೆಂದು ಬರೆದ ಪುಟ್ಟ ಪಟ್ಟಿಗೆ ಮೊದಲೇ ತಿಳಿದಿದ್ದನ್ನು ಫ್ರೇಮ್‌ವರ್ಕ್‌ನ ಅಧಿಕೃತ ಪಟ್ಟಿ ಮೂರು ವರ್ಷ ತಡವಾಗಿ ಕಲಿಯಿತು. ವರ್ಚುಯಲೈಸ್‌ನ ಇನ್ನೊಂದು ಷರತ್ತು ಕನ್ನಡ ಬಳಸುವವರನ್ನು ನೇರವಾಗಿ ತಟ್ಟುತ್ತದೆ. ಎಲ್ಲ ಸಾಲೂ ಒಂದೇ ಎತ್ತರ ಎಂದು ಅದು ಎಣಿಸುತ್ತದೆ. ಏನೂ ಹೇಳದಿದ್ದರೆ 50 ಪಿಕ್ಸೆಲ್ ಎಂದುಕೊಂಡು ಶುರುಮಾಡುತ್ತದೆ. ಎತ್ತರ ಒಂದೇ ಇರಲೆಂದು ಡೆವಲಪರ್‌ಗಳು ಸಿಎಸ್‌ಎಸ್‌ನಲ್ಲಿ ಅದನ್ನು ಬಿಗಿಯಾಗಿ ಕಟ್ಟಿ, ಹೆಚ್ಚಿದ್ದನ್ನು ಮರೆಮಾಡುತ್ತಾರೆ. ಇಂಗ್ಲಿಷ್ ಅಕ್ಷರಕ್ಕೆ ಅಳೆದ ಆ ಸಾಲಿನಲ್ಲಿ ‘ಲಕ್ಷ್ಮೀ’ ಎಂದೋ ‘ರಾಷ್ಟ್ರೀಯ’ ಎಂದೋ ಬರೆದರೆ ಒತ್ತಕ್ಷರದ ಬುಡ ಕತ್ತರಿಸಿಹೋಗುತ್ತದೆ. ಉದ್ದನೆಯ ಪದ ಎರಡನೆಯ ಸಾಲಿಗೆ ಇಳಿದರೆ ಅದು ಕಾಣುವುದೇ ಇಲ್ಲ. ಸಾಲಿನ ಎತ್ತರವನ್ನು ಹೀಗೆ ಬಿಗಿದು ಕಟ್ಟುವ ಮೊದಲು ಒತ್ತಕ್ಷರವಿರುವ ನಾಲ್ಕು ಹೆಸರು ಹಾಕಿ ನೋಡುವುದನ್ನು ನಮ್ಮ ತಂಡಗಳಾದರೂ ರೂಢಿ ಮಾಡಿಕೊಳ್ಳಬೇಕು.

ಹಾಗಾದರೆ ಈ ಪಾಠವನ್ನು ಹೇಗೆ ಬರೆದಿದ್ದರೆ ಚೆನ್ನಿತ್ತು? ನಾನು ಅದನ್ನು ಎರಡು ಕಾಂಪೊನೆಂಟ್ ಮಾಡುತ್ತಿದ್ದೆ. ಒಂದರ ಕೆಲಸ ಕಾಯುವುದು ಮಾತ್ರ. ಅದು ಲೋಡರ್ ತೆಗೆದುಕೊಂಡು, ಬರುತ್ತಿದೆ, ಬಂತು, ಕೆಟ್ಟಿತು ಎಂಬ ಮೂರು ತುಣುಕು ಕೇಳುತ್ತದೆ. ಕೆಟ್ಟಾಗಿನ ತುಣುಕಿಗೆ ಮತ್ತೆ ಪ್ರಯತ್ನಿಸುವ ಫಂಕ್ಷನ್ ಅನ್ನೂ ಒಪ್ಪಿಸುತ್ತದೆ. ಹೊಸ ಕೋರಿಕೆ ಹೊರಟರೆ ಹಳೆಯದನ್ನು ರದ್ದು ಮಾಡುತ್ತದೆ. ಪಟ್ಟಿಯೇ ಬರಬೇಕೆಂದಿಲ್ಲ, ಒಬ್ಬ ಗ್ರಾಹಕರ ವಿವರ ತರುವ ಪುಟಕ್ಕೂ ಅದು ಸಲ್ಲುತ್ತದೆ. ಇನ್ನೊಂದು ಬರೀ ಪಟ್ಟಿ. ಅದು ಕೈಯಲ್ಲಿರುವ ಸಾಲುಗಳನ್ನೂ, ಸಾಲಿನ ಗುರುತು ಹೇಳುವ ಫಂಕ್ಷನ್ ಅನ್ನೂ ತೆಗೆದುಕೊಂಡು, ಯುಎಲ್, ಎಲ್‌ಐ ಬಿಡಿಸುತ್ತದೆ. ಎಂಪ್ಟಿ, ಐಟಂ ಎರಡೇ ತುಣುಕು ಸಾಕು. ಆರ್ಡರ್ ಪುಟ ಒಂದರೊಳಗೆ ಒಂದನ್ನು ಇಡುತ್ತದೆ. ಬುಟ್ಟಿ ಪಟ್ಟಿಯನ್ನು ಮಾತ್ರ ಬಳಸುತ್ತದೆ. ಪಿಜ್ಜಾ ಕಾರ್ಡುಗಳೂ ಇದರೊಳಗೆ ಬರುತ್ತವೆ, ಹಾಗೆ ಬಂದಾಗ ಈಗ ಮಾಹಿತಿ ಬರುವವರೆಗೆ ಬರಿದಾಗಿ ನಿಲ್ಲುವ ಮುಖಪುಟಕ್ಕೆ ಕಾಯುವ ಸೂಚನೆಯೂ ಸಿಗುತ್ತದೆ. ಪಾಠ ಒಂದು ಪುಟದಷ್ಟು ಉದ್ದವಾದೀತು, ಮೂರು ಕಡೆ ಬಳಸಿ ತೋರಿಸಿದ ಹಾಗೂ ಆದೀತು.

ಟಾಪಿಂಗ್ ಆರಿಸುವ ಜಾಗ ಮಾತ್ರ ಆಗಲೂ ಹೊರಗೇ ಉಳಿಯುತ್ತದೆ. ಅದು ಸೆಲೆಕ್ಟ್ ಪೆಟ್ಟಿಗೆ. ಅದರೊಳಗಿನ ಸಾಲುಗಳು ಆಪ್ಶನ್‌ಗಳೇ ಆಗಬೇಕು, ಎಲ್‌ಐ ಆಗುವಂತಿಲ್ಲ. ಅಲ್ಲಿ ಬೇರೆಲ್ಲೂ ಇಲ್ಲದ ಇನ್ನೊಂದು ಸ್ಥಿತಿಯೂ ಇದೆ: ಆರು ಟಾಪಿಂಗ್ ಸೇರಿದ ಮೇಲೆ ಪೆಟ್ಟಿಗೆ ತಾನೇ ಮುಚ್ಚಿಕೊಂಡು, ಮಿತಿ ಮುಗಿಯಿತು ಎನ್ನುತ್ತದೆ. ಅದಕ್ಕಾಗಿ ಪಟ್ಟಿ ಕಾಂಪೊನೆಂಟ್‌ಗೆ ‘ತುಂಬಿದೆ’ ಎಂಬ ಇನ್ನೊಂದು ಟೆಂಪ್ಲೇಟ್ ಸೇರಿಸಲು ಹೊರಟರೆ ನಾನು ಬೇಡ ಎನ್ನುತ್ತೇನೆ. ಆ ಇಫ್-ಎಲ್ಸ್ ಈಗ ಇರುವ ಪುಟದಲ್ಲೇ, ಆರು ಎಂಬ ಸಂಖ್ಯೆಯ ಪಕ್ಕದಲ್ಲೇ ಇರಲಿ. ಪಿಜ್ಜಾಗೆ ಎಷ್ಟು ಟಾಪಿಂಗ್ ಹಿಡಿಸುತ್ತದೆ ಎಂಬುದು ಪಟ್ಟಿಗೆ ತಿಳಿಯಬೇಕಾದ ವಿಷಯವಲ್ಲ.